ಅಕ್ಕಮ್ಮ ವಿಲ್ಲಾದ ಲೈಸೆನ್ಸಿಗಳು

ನಾವು ನಾಲ್ಕು ಜನ ಗೇಟಿನ ಮುಂದೆ ನಿಂತಿದ್ದೆವು: ನಾನು, ಅಮ್ಮ, ಅಕ್ಕನ ಮಗಳು ಶಶಿ, ಅಮ್ಮನ ತಮ್ಮ ವಾಸು ಮಾವ. ಮನೆಯ ಒಡೆಯರು ವರಾಂಡದಿಂದ ಇಳಿದು ಬಂದು ನಮ್ಮನ್ನೆಲ್ಲ ಒಮ್ಮೆ ನೋಡಿದರು. ಆಮೇಲೆ ನಮ್ಮ ತಲೆಗಳ ಮೇಲಿನಿಂದ ರಸ್ತೆಯ ಕಡೆ ಕಣ್ಣು ಹಾಯಿಸಿ ಕೇಳಿದರು:

"ಫ್ಯಾಮಿಲಿ ಹಿಂದಿನಿಂದ ಬರ್ತಾ ಉಂಟಾ?"

ನಾನೂ ತಿರುಗಿ ನೋಡಿದೆ. ರಸ್ತೆಯಲ್ಲಿ ಒಂದು ದನ ನಿಂತಿತ್ತು.

ಕಾಪುವಿನಿಂದ ಮಣಿಪಾಲಕ್ಕೆ ಎರಡು ಬಸ್ಸು. ಉಡುಪಿಯಲ್ಲಿ ಇಳಿದು ಹತ್ತಬೇಕು, ಅಷ್ಟೆ. ಇದನ್ನೂ ಒಂದು ವಲಸೆ ಎಂದು ಬರೆಯುತ್ತಾಳಲ್ಲ ಎಂದು ನಮ್ಮ ಯುವಕ ಮಂಡಲದ ಸಂಚಿಕೆ ಓದುವವರಲ್ಲಿ ಕೆಲವರು ನಗುತ್ತಾರೆಂದು ನನಗೆ ಗೊತ್ತು. ಬೊಂಬಾಯಿಗೆ ಹೋದವರು, ಬಹ್ರೇನಿಗೆ ಹೋದವರು ಇದೇ ಪುಟಗಳಲ್ಲಿ ಬರೆದಿದ್ದಾರೆ. ಅವರ ಮುಂದೆ ನನ್ನದೇನು? ನನ್ನ ವಾದ ಇಷ್ಟೇ. ದೂರವನ್ನು ಬಸ್ಸಿನ ಟಿಕೆಟಿನಿಂದ ಅಳೆಯುವುದು ತಪ್ಪು. ನೀವು ಯಾರೆಂದು ನೀವೇ ಬಾಯಿಬಿಟ್ಟು ಹೇಳಿ, ಎದುರಿನವರು ಅದನ್ನು ಒಪ್ಪುವವರೆಗೆ ನಿಂತಿರಬೇಕಾದ ಜಾಗ ಎಲ್ಲಿ ಶುರುವಾಗುತ್ತದೋ ಅಲ್ಲಿಂದಾಚೆ ಪರದೇಶ. ಕಾಪುವಿನಲ್ಲಿ ನನಗೆ ಆ ಕೆಲಸ ಬಿದ್ದಿರಲಿಲ್ಲ. ಅಮ್ಮ ಮೀನಿನ ಬುಟ್ಟಿ ಹೊತ್ತು ಹೋದ ದಾರಿಯಲ್ಲೆಲ್ಲ ನಾನು ಗಿರಿಜಕ್ಕನ ಮಗಳು. ಮಣಿಪಾಲದಲ್ಲಿ ನಾನು 'ಪಾರ್ಟಿ'. ಬಾಡಿಗೆಗೆ ಮನೆ ಕೇಳಲು ಬಂದವರಿಗೆ ಇಲ್ಲಿ ಇಟ್ಟಿರುವ ಹೆಸರು ಅದು.

ನಾವು ಹೊರಟದ್ದು ಶಶಿಯ ಕಾಲಿಗಾಗಿ. ಅಕ್ಕ ಭಾವ ಇಬ್ಬರೂ ಬೊಂಬಾಯಿಯಲ್ಲಿ ದುಡಿಯುತ್ತಾರೆ, ಮಗು ಅಮ್ಮನ ಹತ್ತಿರ. ಪೋಲಿಯೋ ಬಂದು ಒಂದು ಕಾಲು ಸಪೂರವಾದ ಮೇಲೆ ಮಣಿಪಾಲದ ಆಸ್ಪತ್ರೆಯಲ್ಲಿ ಕಬ್ಬಿಣದ ಪಟ್ಟಿ ಕಟ್ಟಿದರು. ದಿನಾ ಬೆಳಿಗ್ಗೆ ಕರೆತಂದು ವ್ಯಾಯಾಮ ಮಾಡಿಸಬೇಕು, ನಡುನಡುವೆ ಬಿಟ್ಟರೆ ಮಾಡಿಸಿದ್ದೂ ವ್ಯರ್ಥ ಎಂದರು. ಆ ಪಟ್ಟಿ ಕಟ್ಟಿಕೊಂಡು ಎರಡು ಬಸ್ಸು ಹತ್ತಿ ಇಳಿಯುವ ಮಗುವಿಗೆ ಯಾವ ಕಂಡಕ್ಟರನ ಸೀಟಿಯೂ ಕಾಯುವುದಿಲ್ಲ. ಮಣಿಪಾಲದ ಒಂದು ಆಫೀಸಿನಲ್ಲಿ ನನಗೆ ಟೈಪಿಸ್ಟ್ ಕೆಲಸ ಇತ್ತು. ಅಲ್ಲೇ ಒಂದು ಮನೆ ಸಿಕ್ಕಿದರೆ ಶಶಿ ವ್ಯಾಯಾಮ ಮುಗಿಸಿ ಶಾಲೆಗೂ ಹೋಗಬಹುದು. ಸಿಗದಿದ್ದರೆ ಎರಡೂ ಇಲ್ಲ.

ಆಫೀಸಿನಲ್ಲಿ ದಿನವಿಡೀ ನಾನು ಟೈಪ್ ಮಾಡುವುದು ಇಂಗ್ಲಿಷ್. ಡಿಪಾಸಿಟ್, ಪ್ರಿಮೈಸಸ್, ವೆಕೇಟ್, ಇವೆಲ್ಲ ನನ್ನ ಬೆರಳಿಗೆ ಗೊತ್ತಿದ್ದವು, ಬಾಯಿಗೆ ಗೊತ್ತಿರಲಿಲ್ಲ. ಕನ್ನಡದಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ತಂದವಳು ಗೇಟುಗಳ ಮುಂದೆ ಮೂಗಿಯಾಗಿ ನಿಂತೆ. ಆ ಶಬ್ದಗಳಿಗೆ ಬಾಯಿ ಕೊಟ್ಟವರು ಆಫೀಸಿನ ಹತ್ತಿರ ಜಿನಸಿನ ಅಂಗಡಿ ಇಟ್ಟಿರುವ ಹಸನಬ್ಬ ಸಾಯ್ಬರು. ಉದ್ಯಾವರದವರು, ದುಬಾಯಿಯಲ್ಲಿ ದುಡಿದು ಹಿಂದೆ ಬಂದವರು. ಯಾವ ಮನೆ ಖಾಲಿ ಎಂಬುದು ಮನೆಯವರಿಗಿಂತ ಮೊದಲು ಅವರಿಗೆ ತಿಳಿಯುತ್ತದೆ.

"ಜಲಜಕ್ಕ, ನಿಮಗೆ ಔಟ್‌ಹೌಸ್ ಆದೀತಾ, ಪೋರ್ಶನ್ನೇ ಬೇಕಾ?"

"ವ್ಯತ್ಯಾಸ ಎಂತ?"

"ಔಟ್‌ಹೌಸ್ ಅಂದ್ರೆ ಓನರು ನಿಮ್ಮನ್ನು ಕಿಟಕಿಯಿಂದ ನೋಡುವುದು. ಪೋರ್ಶನ್ ಅಂದ್ರೆ ಗೋಡೆಯಿಂದ ಕೇಳುವುದು."

"ದುಬಾಯಿಯಲ್ಲಿ ನಿಮಗೆ ಎಂತ ಇತ್ತು?"

"ಬೆಡ್‌ಸ್ಪೇಸ್. ಮಂಚ ಮಾತ್ರ ಬಾಡಿಗೆಗೆ. ಅದೂ ಹಗಲು ಒಬ್ಬಂದು, ರಾತ್ರಿ ಒಬ್ಬಂದು. ಅಲ್ಲಿ ಫ್ಯಾಮಿಲಿ ಎಲ್ಲಿ ಅಂತ ಯಾರೂ ಕೇಳುವುದಿಲ್ಲ ಮಾರಾಯ್ರೆ. ಇಲ್ಲ ಅಂತ ಅವರಿಗೇ ಗೊತ್ತುಂಟು."

ಹೀಗೆ ಸಕ್ಕರೆ ಕಟ್ಟಿಸಿಕೊಳ್ಳುತ್ತ ನಾನು ಕಲಿತೆ. ಬರಿಯ 'ಅಡ್ವಾನ್ಸ್' ಎಂದರೆ ಕೊಟ್ಟ ಮೇಲೆ ಮರೆಯಬೇಕಾದದ್ದು. 'ಅಟ್ಯಾಚ್ಡ್' ಎಂದರೆ ಕಕ್ಕಸು ಕೋಣೆಗೆ ಅಂಟಿಕೊಂಡಿರುವುದು. ಅಮ್ಮನಿಗೆ ಇದನ್ನು ವಿವರಿಸಿದಾಗ ಅವಳು, "ಅದಕ್ಕೆ ಬಾಡಿಗೆ ಹೆಚ್ಚೋ ಕಡಿಮೆಯೋ?" ಎಂದಳು. 'ಡೀಸೆಂಟ್ ಪಾರ್ಟಿ' ಎಂದರೆ ಏನೆಂದು ಯಾವ ಓನರೂ ಹೇಳಲಿಲ್ಲ, ಆದರೆ ಕಾಪು, ಕಡಲ ಬದಿ, ಮೀನು ಎಂದು ಕೇಳಿದ ಕೂಡಲೇ ಎರಡು ಮನೆಗಳು ಖಾಲಿ ಇಲ್ಲವಾದವು. ಹೊರಗೆ ಟು-ಲೆಟ್ ಬೋರ್ಡು ಮಾತ್ರ ನೇತಾಡುತ್ತಲೇ ಇತ್ತು.

ನಮ್ಮಲ್ಲಿ ಇದಕ್ಕೆಲ್ಲ 'ಬಿಡಾರ' ಎಂಬ ಒಂದೇ ಶಬ್ದ ಸಾಕಿತ್ತು. ಶಾಲೆಗೆ ಹೊಸ ಮೇಷ್ಟ್ರು ಬಂದರೆ ಯಾರದೋ ಮನೆಯ ಚಾವಡಿ ಪಕ್ಕದ ಕೋಣೆ ಬಿಡಾರವಾಗುತ್ತಿತ್ತು. ಊರು ದೊಡ್ಡ ಮನಸ್ಸಿನದೆಂದು ನಾನು ಹೇಳುತ್ತಿಲ್ಲ, ಆ ಭಾಷಣ ಬೇರೆಯವರು ಮಾಡಲಿ. ಅಲ್ಲಿ ಜಾತಿ ಕೇಳಿ ಕೊಡುತ್ತಿದ್ದರು. ಇಲ್ಲಿ ಕೇಳದೆಯೇ ಕೊಡುವುದಿಲ್ಲ. ಎರಡರಲ್ಲಿ ಯಾವುದು ಸುಧಾರಣೆ ಎಂದು ತಿಳಿದವರು ಬರೆಯಬಹುದು.

ಗೇಟಿಗೆ ಹಿಂದಿರುಗುತ್ತೇನೆ. ಅದರ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ 'ಅಕ್ಕಮ್ಮ ವಿಲ್ಲಾ' ಎಂದಿತ್ತು. ಒಡೆಯರು ಕಾರ್ಕಳದ ಕಡೆಯ ಶೆಟ್ಟರು. ಬೊಂಬಾಯಿಯಲ್ಲಿ ನೌಕರಿ ಮುಗಿಸಿ ಬಂದು ಕಟ್ಟಿಸಿದ ಮನೆ, ಹಿಂದೆ ಒಂದು ಔಟ್‌ಹೌಸ್. ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ. ನಾನು ತುಳುವಿನಲ್ಲಿ ಮಾತು ತೆಗೆದರೆ ಅವರು ಕನ್ನಡದಲ್ಲಿ, ಕನ್ನಡಕ್ಕೆ ಬಂದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದರು.

"ಇವರೇ ಫ್ಯಾಮಿಲಿ," ಎಂದೆ.

ಶೆಟ್ಟರು ವಾಸು ಮಾವನನ್ನು ನೋಡಿದರು. "ಇವರು ಇಲ್ಲಿಯೇ ಇರುವುದಾ?"

ಗಂಡಸೊಬ್ಬ ಜೊತೆಗಿದ್ದರೆ ಒಳ್ಳೆಯದೆಂದು ಅಮ್ಮ ಮಾವನನ್ನು ಕರೆತಂದಿದ್ದಳು. ಆದರೆ ಮಾವನಿಗೆ ಸುಳ್ಳು ಬರುವುದಿಲ್ಲ. "ಇಲ್ಲ ಶೆಟ್ರೆ, ನನ್ನ ಹೆಂಡತಿ ಮಕ್ಕಳು ಹೆಜಮಾಡಿಯಲ್ಲಿ," ಎಂದುಬಿಟ್ಟ.

"ಹಾಗಾದ್ರೆ ಲೇಡೀಸ್ ಮಾತ್ರ. ನಾನು ಫ್ಯಾಮಿಲಿಗೆ ಅಂತ ಇಟ್ಟದ್ದು." ವಾಚು ನೋಡಿಕೊಂಡರು. "ನನಗೆ ಕಾರ್ಕಳದಲ್ಲಿ ಫ್ಯಾಮಿಲಿ ಫಂಕ್ಷನ್ ಉಂಟು. ಹೊರಡಬೇಕು."

ಅಷ್ಟರಲ್ಲಿ ಶಶಿ ಗೇಟಿನ ಸಂದಿಯಲ್ಲಿ ನುಗ್ಗಿ ಔಟ್‌ಹೌಸಿನ ಮೆಟ್ಟಿಲ ಮೇಲೆ ಕೂತು ಕಾಲಿನ ಪಟ್ಟಿ ಸಡಿಲಿಸಿಕೊಳ್ಳುತ್ತಿದ್ದಳು. ಶೆಟ್ಟರ ಮುಖದಲ್ಲಿ ಏನೋ ಹಾದುಹೋಯಿತು. "ಕೂತೇ ಬಿಟ್ಟಳಲ್ಲ," ಎಂದರು. ಅಸಹ್ಯ ಎಂದು ನಾನು ತಿಳಿದೆ.

ಬಸ್ಸಿನಲ್ಲಿ ಮಾವ, "ಇಲ್ಲೇ ಇರ್ತೇನೆ ಅಂತ ಹೇಳಿದ್ರೆ ಮುಗೀತಿತ್ತು, ನನಗೆ ಹೊಳೀಲಿಲ್ಲ," ಎಂದು ಪೇಚಾಡಿಕೊಂಡ. ನಾನು ಬೇಡವೆಂದೆ. ನಾವು ನಾಲ್ವರೂ ಇದ್ದೆವು. ಇದ್ದವರನ್ನು ಇಲ್ಲವೆಂದವರು ಅವರು. ಸುಳ್ಳು ಹೇಳಬೇಕಾದದ್ದು ನಾವಾ?

ನಮ್ಮೂರಿನವರಿಗೆ ವಿವರಿಸಬೇಕಾಗಿಲ್ಲ, ಆದರೆ ಈ ಸಂಚಿಕೆ ಬೊಂಬಾಯಿಯಲ್ಲೇ ಹುಟ್ಟಿದ ಮಕ್ಕಳ ಕೈಗೂ ಹೋಗುತ್ತದೆ. ನಾವು ಅಳಿಯಸಂತಾನದವರು. ಬಳಿ, ಅಂದರೆ ಕುಲದ ಹೆಸರು, ಬರುವುದು ಅಮ್ಮನಿಂದ, ಮನೆ ಮುಂದುವರಿಯುವುದು ಮಗಳಿಂದ, ಯಜಮಾನಿಕೆ ಅಮ್ಮನ ತಮ್ಮನದೋ ಅಣ್ಣನದೋ. ಇದು ಹೆಂಗಸರ ರಾಜ್ಯ ಎಂದು ಕುಣಿಯುವವರಿಗೆ ನಾನು ವೇದಿಕೆಯ ಮೇಲೆಯೇ ಉತ್ತರ ಕೊಟ್ಟಿದ್ದೇನೆ: ಬಳಿ ಅಮ್ಮನದು, ಕೀಲಿಕೈ ಮಾವನದು. ನನಗೆ ಈ ಕಟ್ಟಳೆಯ ಮೇಲೆ ಭಕ್ತಿ ಇಲ್ಲ. ಆದರೆ ಶೆಟ್ಟರಿಗೂ ಅದೇ ಕಟ್ಟಳೆ ಎಂಬುದು ನನಗೆ ಗೊತ್ತಿತ್ತು. ಎದುರಾಳಿಯ ಮಾತಿನಿಂದಲೇ ಎದುರಾಳಿಯನ್ನು ಹಿಡಿಯಬೇಕು ಎಂಬುದು ಚರ್ಚೆಯ ಮೊದಲ ಪಾಠ.

ಮುಂದಿನ ಭಾನುವಾರ ಒಬ್ಬಳೇ ಹೋದೆ.

"ಶೆಟ್ರೆ, ಫ್ಯಾಮಿಲಿ ಅಂದ್ರೆ ಯಾರು?"

"ಗಂಡ, ಹೆಂಡತಿ, ಮಕ್ಕಳು. ಇದನ್ನೂ ಕೇಳ್ಬೇಕಾ?"

"ಮೊನ್ನೆ ಕಾರ್ಕಳದ ಫ್ಯಾಮಿಲಿ ಫಂಕ್ಷನ್ ಯಾರದ್ದು?"

"ತಂಗಿಯ ಮಗಳದ್ದು. ಸೀಮಂತ."

"ತಂಗಿಯ ಮಗಳು ನಿಮಗೆ ಫ್ಯಾಮಿಲಿ ಆದ್ರೆ ಅಕ್ಕನ ಮಗಳು ನನಗೆ ಯಾಕಲ್ಲ?"

ಅವರು ಕನ್ನಡಕ ತೆಗೆದು ಒರೆಸಿದರು. ನಾನು ಬಿಡಲಿಲ್ಲ.

"ಗೇಟಿನಲ್ಲಿ ಯಾರ ಹೆಸರು?"

"ನನ್ನ ಅಮ್ಮನದ್ದು."

"ತಂದೆಯವರದ್ದು ಯಾಕೆ ಹಾಕಲಿಲ್ಲ?"

"ಅವರದ್ದು ಅವರ ಅಮ್ಮನ ಮನೆಯಲ್ಲಿ ಉಂಟು."

"ನನ್ನ ವಾದವೂ ಅಷ್ಟೇ. ನಮ್ಮದೂ ಅಮ್ಮನ ಮನೆ."

ತೀರ್ಪುಗಾರರಿದ್ದರೆ ಗಂಟೆ ಬಾರಿಸುತ್ತಿದ್ದರು. ಶೆಟ್ಟರು ಕುರ್ಚಿ ಎಳೆದು ಕೂರಲು ಹೇಳಿದರು. ಆಮೇಲೆ ಮೊದಲ ಸಲ ತುಳುವಿಗೆ ತಿರುಗಿದರು. ಅವರು ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

"ನೀವು ಫ್ಯಾಮಿಲಿ ಅಲ್ಲ ಅಂತ ನಾನು ಹೇಳಿದ್ದು ಅಂದ್ಕೊಂಡ್ರಾ? ನೀವು ಫ್ಯಾಮಿಲಿ ಅಂತಲೇ ನನಗೆ ಹೆದರಿಕೆ. ಬ್ಯಾಂಕಿನ ಗಂಡ ಹೆಂಡತಿ ಬಂದ್ರೆ ಸ್ವಲ್ಪ ವರ್ಷಕ್ಕೆ ಟ್ರಾನ್ಸ್‌ಫರ್ ಆಗಿ ಹೋಗ್ತಾರೆ. ಅಮ್ಮ, ಮಗಳು, ಮೊಮ್ಮಗಳು ಬಂದು ಕೂತ್ರೆ ಅವರಿಗೆ ಎಲ್ಲಿಗೆ ಟ್ರಾನ್ಸ್‌ಫರ್? ನಮ್ಮ ಕಾರ್ಕಳದ ಮನೆ ಶುರುವಾದದ್ದೇ ಹಾಗೆ. ಒಬ್ಬಳು ಅಜ್ಜಿ ಮಗಳ ಕೈ ಹಿಡ್ಕೊಂಡು ಬಂದು ಕೂತದ್ದು."

ನಾವು ಕುಟುಂಬ ಎಂದು ನಾನು ಸಾಧಿಸಿ ಮುಗಿಸಿದ್ದೆ. ಸಾಧಿಸಿದಷ್ಟೂ ಮನೆ ಕೈತಪ್ಪುತ್ತಿತ್ತು.

"ನಮ್ಮ ಗದ್ದೆಯ ಒಕ್ಕಲು ಡಿಕ್ಲರೇಶನ್ ಹಾಕಿದ," ಎಂದರು ಶೆಟ್ಟರು. ಭೂಮಸೂದೆ ಬಂದಾಗ ಗೇಣಿಗೆ ಉಳುತ್ತಿದ್ದವರು ಗದ್ದೆ ತಮ್ಮದೆಂದು ಸರಕಾರಕ್ಕೆ ಬರೆದು ಕೊಟ್ಟರಲ್ಲ, ಅದು. "ಗದ್ದೆ ಹೋಯ್ತು. ಟೆನೆಂಟ್ ಅನ್ನುವ ಶಬ್ದ ನಾನು ಕಲ್ತದ್ದು ಬಾಂಬೆಯಲ್ಲಿ ಅಲ್ಲ, ಕಾರ್ಕಳದಲ್ಲಿ."

ಸುಮ್ಮನಿದ್ದರೆ ಲಾಭ ಎಂದು ಗೊತ್ತಿತ್ತು. ಆದರೂ ಹೇಳಿದೆ. "ಆ ಮಸೂದೆಯ ಪರ ಮಾತಾಡಿ ನಾನು ಕಾಲೇಜಿಗೆ ಕಪ್ ತಂದಿದ್ದೇನೆ ಶೆಟ್ರೆ. ಈಗಲೂ ಪರವೇ. ಉಳುವವನಿಗೆ ಹೊಲ ಸಿಗಬೇಕಾದದ್ದು."

"ಹಾಗಾದ್ರೆ ನಿನಗೆ ಮನೆ ಕೊಡುವುದು ಹೇಗೆ ಮಾರಾಯ್ತಿ?"

"ಅದು ಹೊಲದ ಮಾತು. ನಿಮ್ಮ ಅಡಿಗೆಕೋಣೆಯನ್ನು ನಾವು ಉಳುವುದಿಲ್ಲ."

ಶೆಟ್ಟರು ನಗುವುದಿಲ್ಲ ಎಂದು ನಿಶ್ಚಯಿಸಿದ್ದವರು, ಆದರೆ ಹೊಟ್ಟೆ ಅಲುಗಿತು. ಬೊಂಬಾಯಿಯ ಪದ್ಧತಿಯಂತೆ ಕರಾರು ಮಾಡುವ ಎಂದರು. ಹನ್ನೊಂದು ತಿಂಗಳು ಮಾತ್ರ, ಮುಗಿದ ಮೇಲೆ ಹೊಸ ಕಾಗದ. ಅದರಲ್ಲಿ ಎಲ್ಲಿಯೂ 'ಟೆನೆಂಟ್' ಎಂದು ಬರಕೂಡದು, 'ಲೈಸೆನ್ಸಿ' ಎಂದಿರಬೇಕು. ಟೆನೆಂಟ್ ಎಂದರೆ ಹಕ್ಕು ಇರುವವರು, ಲೈಸೆನ್ಸಿ ಎಂದರೆ ಇರಲು ಅಪ್ಪಣೆ ಇರುವವರು. ನಮ್ಮ ರೇಡಿಯೋಕ್ಕೆ ಲೈಸೆನ್ಸ್ ಇತ್ತು. ಈಗ ಅಮ್ಮನಿಗೂ ಬೇಕಾಯಿತು.

"ಹೇಗೂ ನೀನು ಮದುವೆಯಾಗಿ ಹೋಗ್ತೀಯಲ್ಲ," ಎಂದು ಅವರು ಸಮಾಧಾನ ಮಾಡಿಕೊಂಡರು.

"ಅದನ್ನು ಕರಾರಿನಲ್ಲಿ ಸೇರಿಸಬೇಡಿ," ಎಂದೆ.

ಕರಾರನ್ನು ಟೈಪ್ ಮಾಡಿದವಳು ನಾನೇ. ಆಫೀಸು ಬಿಟ್ಟ ಮೇಲೆ, ಸಾಹೇಬರ ಅನುಮತಿ ಪಡೆದು. ರುಜು ಹಾಕಲು ವಾಸು ಮಾವ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ.

"ಯಜಮಾನ ನಾನಲ್ವಾ?"

"ಕಾಪುವಿನಲ್ಲಿ ಹೌದು ಮಾವ. ಇಲ್ಲಿ ಸಂಬಳ ತರುವವಳು ನಾನು, ಬಿಡಿಸಿದರೆ ಬೀದಿಗೆ ಬೀಳುವವಳೂ ನಾನು."

"ಶೆಟ್ಟರ ಎದುರು ನಮ್ಮ ಕಟ್ಟಳೆ ಹೇಳುವಾಗ ಮಾವ ಬೇಕಿತ್ತು, ರುಜುವಿಗೆ ಬೇಡ," ಎಂದ. ಅದು ನ್ಯಾಯವಾದ ಮಾತೇ. ನನಗೂ ಚುಚ್ಚಿತು. ಆದರೂ ಪೆನ್ನು ಕೊಡಲಿಲ್ಲ.

ಇಂತಹವರ ಮಗ, ಇಂತಹವರ ಹೆಂಡತಿ ಎಂದು ಬರೆಯುವ ಜಾಗದಲ್ಲಿ ನಾನು 'ಗಿರಿಜಾ ಅವರ ಮಗಳು' ಎಂದು ಹೊಡೆದೆ. ಕೊನೆಯಲ್ಲಿ ಯಾರೂ ಹೇಳದ ಒಂದು ಸಾಲನ್ನೂ ಸೇರಿಸಿದೆ: ಒಂದು ತಿಂಗಳ ನೋಟಿಸ್ ಕೊಡದೆ ಯಾರನ್ನೂ ಎಬ್ಬಿಸುವಂತಿಲ್ಲ.

ಶೆಟ್ಟರು ಓದುತ್ತ ಬಂದು ಅಲ್ಲಿ ನಿಂತರು. "ಇದು ನಾನು ಹೇಳಲಿಲ್ಲವಲ್ಲ."

"ನಾನು ಹೇಳ್ತಾ ಇದ್ದೇನೆ."

ಮತ್ತೆ ಮೇಲಕ್ಕೆ ಹೋಗಿ ಅಮ್ಮನ ಹೆಸರಿದ್ದ ಸಾಲನ್ನು ಇನ್ನೊಮ್ಮೆ ಓದಿದರು. "ಬಾಂಬೆಯಲ್ಲಿ ನನ್ನ ಹತ್ರ ಎಲ್ಲ ಕಡೆ ಅಪ್ಪನ ಹೆಸರು ಬರೆಸಿದ್ರು," ಎಂದರು. ಪೆನ್ನು ತೆಗೆದು ರುಜು ಹಾಕಿದರು.

ಈಗ ನಾವು ಇಲ್ಲಿದ್ದೇವೆ. ಶಶಿ ಬೆಳಿಗ್ಗೆ ಆಸ್ಪತ್ರೆಗೂ ಅಲ್ಲಿಂದ ಶಾಲೆಗೂ ನಡೆದೇ ಹೋಗುತ್ತಾಳೆ. ನಿಧಾನ, ಆದರೆ ಯಾರ ಸೀಟಿಗೂ ಹೆದರಬೇಕಾಗಿಲ್ಲ. ಕಾಲಿಂಗ್ ಬೆಲ್ ಬಾರಿಸಿದರೆ ಅಮ್ಮ ಬಾಗಿಲು ತೆರೆಯುವುದಿಲ್ಲ. ಬೇಕಾದವರು ಒಳಗೆ ಬಂದು ಕರೆಯುತ್ತಾರೆ, ಹೊರಗೇ ನಿಂತು ಗಂಟೆ ಬಾರಿಸುವವರು ನಮಗೆ ಬೇಕಾದವರಲ್ಲ ಎಂಬುದು ಅವಳ ಲೆಕ್ಕ. ಹೀಗೆ ಮೊದಲ ತಿಂಗಳುಗಳಲ್ಲಿ ನಮ್ಮ ಮನೆಗೆ ಯಾರೂ ಬರಲಿಲ್ಲ. ಸಂಜೆ ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂರುತ್ತಿದ್ದೆವು. ಮಾತಿಗೆ ಜನವಿಲ್ಲದೆ ಅಮ್ಮ ಹಸನಬ್ಬ ಸಾಯ್ಬರ ಅಂಗಡಿಗೆ ದಿನಕ್ಕೆರಡು ಸಲ ಬೆಂಕಿಪೆಟ್ಟಿಗೆಗೆ ಹೋದದ್ದೂ ಉಂಟು.

ಆಮೇಲೆ ಅವಳು ಒಂದು ಕೆಲಸ ಮಾಡಿದಳು. ಕಾಪುವಿನಿಂದ ಬಸಳೆಯ ದಂಟು ತಂದು ಔಟ್‌ಹೌಸಿನ ಹಿಂದೆ ಅಗೆದು ಊರಿ ಚಪ್ಪರ ಹಾಕಿದಳು. ಬಸಳೆ ನಿಮಗೆ ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ. ಶೆಟ್ಟರು ಒಂದು ದಿನ ಆ ಚಪ್ಪರದ ಮುಂದೆ ಕೈ ಕಟ್ಟಿ ನಿಂತಿದ್ದರು.

"ಉಳುವುದಿಲ್ಲ ಅಂದಿದ್ದಿ."

"ನಾನಲ್ಲ, ಅಮ್ಮ."

ಅಮ್ಮ ಒಂದು ಕಟ್ಟು ಕೊಯ್ದು ಅವರ ಕೈಗೆ ಕೊಟ್ಟಳು. ಗೇಣಿ ತೆಗೆದುಕೊಂಡಂತೆ ತೆಗೆದುಕೊಂಡು ಒಳಗೆ ಹೋದರು. ಹನ್ನೊಂದು ತಿಂಗಳು ಮುಗಿದಾಗ ಹೊಸ ಕಾಗದ ಟೈಪ್ ಮಾಡಿದೆ. ಲೈಸೆನ್ಸಿ ಎಂದೇ ಹೊಡೆದೆ. ಬಸಳೆಯ ಬಗ್ಗೆ ಅದರಲ್ಲಿ ಏನೂ ಇಲ್ಲ.

ಇನ್ನು ನಿಮ್ಮ ವಿಷಯ, ಊರಿನವರೇ. ಕಳೆದ ಸಲ ಊರಿಗೆ ಬಂದಾಗ ಮೀನು ಮಾರ್ಕೆಟಿನಲ್ಲಿ ಯಾರೋ "ಮಣಿಪಾಲದವಳು ಬಂದಳು, ದಾರಿ ಬಿಡಿ" ಎಂದರು. ಎಲ್ಲರೂ ನಕ್ಕರು, ಅಮ್ಮನೂ ನಕ್ಕಳು. ಮಾವ ಈಗಲೂ ನನ್ನ ಹತ್ತಿರ ಅರ್ಧ ಮಾತು ಮಾತ್ರ ಆಡುತ್ತಾನೆ. ಮಣಿಪಾಲದಲ್ಲಿ ನಾನು ಕಾಪುವಿನ ಪಾರ್ಟಿ, ಕಾಪುವಿನಲ್ಲಿ ಮಣಿಪಾಲದವಳು. ಇರಲಿ. ಆದರೆ ನನ್ನನ್ನು ಊರಿನಿಂದ ಎಬ್ಬಿಸಿದವರು ಯಾರು, ಯಾವಾಗ ಎಂದು ಹೇಳಬೇಕು. ಅಕ್ಕಮ್ಮ ವಿಲ್ಲಾದಲ್ಲಿ ಬರಿಯ ಅಪ್ಪಣೆಯ ಮೇಲೆ ಕೂತವಳಿಗೂ ಒಂದು ತಿಂಗಳ ನೋಟಿಸ್ ಉಂಟು. ಕಾಪುವಿನಲ್ಲಿ ನನಗೆ ಇನ್ನೂ ಯಾರೂ ಕೊಟ್ಟಿಲ್ಲ.