ಗೌರಕ್ಕನ ದನಿ ಮತ್ತು ನೀಲಿ ಪರದೆ

ನಾನು ನಿಂತಿದ್ದದ್ದು ಸಿರುಗುಪ್ಪದ ನಮ್ಮ ಮನೆಯ ಪಡಸಾಲೆಯಲ್ಲಿ, ಕಂಪ್ಯೂಟರ್ ಮೇಜಿನ ಎಡಮಗ್ಗುಲಿಗೆ. ಭಾನುವಾರ, ಬೆಳಗಿನ ಹತ್ತು ಗಂಟೆ ಐವತ್ತು ನಿಮಿಷ. ಕುರ್ಚಿಯಲ್ಲಿ ನನ್ನ ಭಾವ, ಕುರುಗೋಡಿನ ವೀರಭದ್ರಪ್ಪನವರು ಕೂತಿದ್ದರು. ಸ್ಪೀಕರಿನಲ್ಲಿ ಅವರ ಹೆಂಡತಿ, ನನ್ನ ಅಕ್ಕ ಗೌರಮ್ಮ ಮಾತಾಡುತ್ತಿದ್ದಳು. "ಒಂದು ಮಾತು ಹೇಳ್ತೀನಿ ಕೇಳು," ಅಂದಳು. ಅಷ್ಟರಲ್ಲಿ ದನಿ ತಡವರಿಸಿತು, ಪರದೆ ನೀಲಿಯಾಯಿತು, ಕಂಪ್ಯೂಟರ್ ತಾನೇ ಆರಿ ತಾನೇ ಮತ್ತೆ ಶುರುವಾಯಿತು. ಅಕ್ಕ ತೀರಿಕೊಂಡು ಆಗ ಏಳು ತಿಂಗಳು.

ಅಕ್ಕಿಗಿರಣಿಯಲ್ಲಿ ತೂಕದ ಚೀಟಿ ಬರೆಯುವವನು ನಾನು. ಕಂಡದ್ದನ್ನು ಗಳಿಗೆ ಸಮೇತ ಬರೆದಿಡುವ ಚಟ ಅಲ್ಲಿಂದ ಅಂಟಿದ್ದು. ನನ್ನ ಹೆಂಡತಿ ಸೀನಿದರೂ ಒಂದು ಚೀಟಿ ಹರಿದು ಕೊಡುತ್ತೇನೆಂದು ಅವಳ ದೂರು. ಆದರೆ ಇಷ್ಟು ಜಾಗರೂಕನಾದ ನಾನು ಅಕ್ಕನ ಆ ಮಾತುಗಳನ್ನು ರೆಕಾರ್ಡ್ ಮಾಡಿದ ದಿನ ಅವನ್ನು ಕೇಳಿಸಿಕೊಂಡಿರಲಿಲ್ಲ. ನಾಲ್ಕು ವರ್ಷದ ಹಿಂದಿನ ಬೇಸಿಗೆ ಅದು. ಹೊಸ ಮೈಕು ತಂದಿದ್ದೆ, ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕಿತ್ತು. ಊರಿಂದ ಬಂದಿದ್ದ ಅಕ್ಕನಿಗೆ ಏನಾದರೂ ಮಾತಾಡು ಅಂದೆ. ಪಕ್ಕದ ಮನೆಯ ಎಮ್ಮೆ, ಬಳ್ಳಾರಿಯ ಬಿಸಿಲು, ನಮ್ಮ ಮನೆಯ ನೀರುಸಾರು, ಹೀಗೆ ಆರು ನಿಮಿಷ ಮಾತಾಡಿದಳು. ನಾನು ಪರದೆಯ ಮೇಲೆ ಏಳುತ್ತ ಬೀಳುತ್ತ ಇದ್ದ ಹಸಿರು ಗೆರೆಯನ್ನೇ ನೋಡುತ್ತಿದ್ದೆ. ಆ 'ಒಂದು ಮಾತು' ಯಾವುದೆಂದು ನನಗೆ ನೆನಪಿಲ್ಲ.

ಭಾವ ಪ್ರತಿ ಭಾನುವಾರ ಕುರುಗೋಡಿನಿಂದ ಬಸ್ಸು ಹಿಡಿದು ಬರತೊಡಗಿದರು. ಬೀಗರ ಮನೆಗೆ ಬಂದವರಂತೆ ತೊಡೆಯ ಮೇಲೆ ಟವೆಲು ಮಡಿಚಿಟ್ಟು ಕೂರುತ್ತಿದ್ದರು. ಕಂಪ್ಯೂಟರ್ ಕೆಲವೊಮ್ಮೆ ಎಮ್ಮೆಯ ಹತ್ತಿರವೇ ಆರುತ್ತಿತ್ತು, ಕೆಲವೊಮ್ಮೆ ಸಾರಿನ ತನಕ ಬರುತ್ತಿತ್ತು. ಆರಿದಾಗೆಲ್ಲ ಭಾವ ಹೇಳುತ್ತಿದ್ದದ್ದು ಇಷ್ಟೇ: "ಇನ್ನೊಮ್ಮಿ ಹಚ್ಚಪ."

ಊರಿನ ವೈದ್ಯಕ್ಕೆ ಕೊನೆಯಿರಲಿಲ್ಲ. ಗಿರಣಿಯ ತೌಡು ಒಳಗೆ ಸೇರಿದೆ ಎಂದರು, ಬಿಚ್ಚಿ ಬ್ರಷ್ಷಿನಿಂದ ಒರೆಸಿದೆ. ಕರೆಂಟು ಸರಿಯಿಲ್ಲ ಎಂದರು, ಪ್ಲಗ್ಗು ಬದಲಿಸಿದೆ. ರೆಕಾರ್ಡಿಂಗನ್ನು ಪೆನ್‌ಡ್ರೈವಿಗಾದರೂ ತೆಗೆದಿಡೋಣವೆಂದರೆ, ಪೆನ್‌ಡ್ರೈವ್ ಚುಚ್ಚಿದ ಕ್ಷಣವೇ ನೀಲಿ. ಕೊನೆಗೆ ಎಲ್ಲರ ಬಾಯಲ್ಲೂ ಒಂದೇ ಔಷಧ, ಫಾರ್ಮ್ಯಾಟ್. ಎಂದರೆ ಇದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ತುಂಬುವುದು. ಅಕ್ಕನೂ ಆ ಇದ್ದದ್ದರಲ್ಲೇ ಇದ್ದಳು.

ಕಡೆಗೆ ಒಂದು ಸೋಮವಾರ ಯಂತ್ರವನ್ನು ಜಮಖಾನೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಳ್ಳಾರಿಗೆ ಹೋದೆ. ವೈರು ಹಿಡಿದುಕೊಂಡು ಭಾವನೂ ಬಂದರು. ರಿಪೇರಿ ಅಂಗಡಿ ಶಾಹೀನ್ ಎಂಬ ಹೆಣ್ಣುಮಗಳದು. ನಾನು ಯಂತ್ರ ಇಳಿಸುವ ಮೊದಲೇ, ಫಾರ್ಮ್ಯಾಟ್ ಮಾತ್ರ ಮಾಡಬೇಡಿ ಎಂದು ಬೇಡಿಕೊಂಡೆ. ಅದು ಯಾವಾಗ ಯಾವಾಗ ಆರಿತು, ಆಗ ಏನು ನಡೆಯುತ್ತಿತ್ತು ಎಂದು ಬರೆದಿಟ್ಟಿದ್ದ ನೋಟ್‌ಬುಕ್ಕನ್ನು ಮುಂದಿಟ್ಟೆ. ಮೂವತ್ತೊಂದು ಸಲ ಆರಿತ್ತು. ಅವರು ಚಹಾ ಆರುವ ತನಕ ಓದಿದರು.

"ಸರ, ಇದು ಹಂಗ ಸುಮ್ನ ಆರಾಕತ್ತಿಲ್ಲ. ಪ್ರತಿ ಸಲ ಒಂದು ಸಪ್ಪಳ ಆಗೇತಿ ನೋಡ್ರಿ. ಪೆನ್‌ಡ್ರೈವ್ ಹಾಕಿದ್ರೂ ಟಿಂಗ್ ಅಂತತಿ. ಸೌಂಡ್ ಡ್ರೈವರ್ ಯಾವ್ದು ಹಾಕೀರಿ?"

ಡ್ರೈವರ್ ಎಂದರೆ ಕಂಪ್ಯೂಟರಿಗೂ ಅದರ ಒಂದೊಂದು ಅಂಗಕ್ಕೂ ನಡುವಿನ ದುಭಾಷಿ. ಗಡಿಯ ನಮಗೆ ಇದನ್ನು ವಿವರಿಸಬೇಕಿಲ್ಲ. ಸಂತೆಯಲ್ಲಿ ಅರ್ಧ ತೆಲುಗು ಬಲ್ಲವನು ನಡುವೆ ನಿಂತರೆ ಒಂದಷ್ಟು ಹೊತ್ತು ವ್ಯಾಪಾರ ನಡೆಯುತ್ತದೆ. ಆಮೇಲೆ ಯಾವುದೋ ಒಂದು ಮಾತಿಗೆ ಜಗಳ ಹತ್ತುತ್ತದೆ. ಯಾವ ಮಾತಿಗೆಂದು ಮೊದಲೇ ಹೇಳಲಾಗದು.

ಆಗ ತಪ್ಪೊಪ್ಪಿಕೊಂಡೆ. ಅಕ್ಕ ಹೋದ ಮೇಲೆ ಅವಳ ದನಿ ಕೇಳಲೆಂದೇ ಹೊಸ ಸ್ಪೀಕರ್ ತಂದಿದ್ದೆ. ಸದ್ದು ಹೊರಡಲಿಲ್ಲ. ಯಂತ್ರದ ಜೊತೆ ಬಂದಿದ್ದ ಸಿ.ಡಿ. ಸಿಗದೆ, ಪಕ್ಕದ ಮನೆಯವರ ಬೇರೆ ಕಂಪನಿಯ ಸಿ.ಡಿ.ಯಿಂದ ಡ್ರೈವರ್ ತುಂಬಿದ್ದೆ. ಸದ್ದು ಬಂತಲ್ಲ, ಸಾಕೆಂದುಕೊಂಡಿದ್ದೆ.

"ನಿಮ್ಮ ಸಿ.ಡಿ. ಎಲ್ಲಿ ಹೋತ್ರಿ?" ಶಾಹೀನ್ ಕೇಳಿದರು.

ನನಗಿಂತ ಮೊದಲು ಭಾವ ಬಾಯಿಬಿಟ್ಟರು. "ಕುರುಗೋಡಿನ್ಯಾಗ ಐತವ್ವ, ನಮ್ಮ ಮಾಳಿಗಿ ಮ್ಯಾಲ. ಸಂಡಿಗಿಗೆ ಗುಬ್ಬಿ ಬರಬಾರ್ದಂತ ದಾರದಾಗ ಕಟ್ಟೀವಿ. ಇವನ ತಂದುಕೊಟ್ಟಿದ್ದ."

ನಿಜ. ಹೊಳೆಯುವ ತಟ್ಟೆ ಏನಾದರೂ ಇದ್ದರೆ ಕೊಡು ಎಂದು ಅಕ್ಕ ಕೇಳಿದ್ದಳು. ಪೆಟ್ಟಿಗೆಯಲ್ಲಿ ಸಿಕ್ಕಿದ್ದನ್ನು ಹೆಸರು ಕೂಡ ಓದದೆ ಕೊಟ್ಟಿದ್ದೆ. ಶಾಹೀನ್ ಬಾಯಿಗೆ ದುಪಟ್ಟಾ ಒತ್ತಿಕೊಂಡರು. ಆಮೇಲೆ ಸದ್ದನ್ನೆಲ್ಲ ಬಂದ್ ಮಾಡಿ, ಮೊದಲು ಅಕ್ಕನ ಮಾತನ್ನು ತಮ್ಮ ಕಂಪ್ಯೂಟರಿಗೆ ನಕಲು ಮಾಡಿಕೊಂಡರು. ಪರಕೀಯ ಡ್ರೈವರನ್ನು ಕಿತ್ತು, ಈ ಯಂತ್ರದ್ದೇ ಆದದ್ದನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಹಾಕಿದರು.

ಹನ್ನೆರಡೂ ಕಾಲಿಗೆ ರೆಕಾರ್ಡಿಂಗ್ ಹಚ್ಚಿದರು. ಎಮ್ಮೆ ದಾಟಿತು, ಬಿಸಿಲು ದಾಟಿತು, ಸಾರು ದಾಟಿತು. "ಒಂದು ಮಾತು ಹೇಳ್ತೀನಿ ಕೇಳು," ಅಂದಳು ಅಕ್ಕ. ಪರದೆ ಬಣ್ಣ ಬದಲಿಸಲಿಲ್ಲ. "ಅವಾಗಿಂದ ನಾನೊಬ್ಬಾಕಿನ ಮಾತಾಡಾಕತ್ತೀನಿ. ನೀನೂ ಏನರ ಅನ್ನಲೇ."

ಆಮೇಲೆ ಮೂರು ಸೆಕೆಂಡು ನಮ್ಮ ಮನೆಯ ಫ್ಯಾನಿನ ಸದ್ದು. ಆಮೇಲೆ ಟಕ್ ಎಂದು ಒಂದು ಒತ್ತು. ಅದು ರೆಕಾರ್ಡಿಂಗ್ ನಿಲ್ಲಿಸಿದ ನನ್ನ ಬೆರಳು.

ಭಾವ ಈ ಸಲ ಇನ್ನೊಮ್ಮೆ ಹಚ್ಚು ಅನ್ನಲಿಲ್ಲ. ಸ್ಪೀಕರಿನ ಕಡೆ ಸ್ವಲ್ಪ ಬಾಗಿ, ಮನೆಯೊಳಗಿರುವವರಿಗೆ ಹೇಳುವಷ್ಟೇ ದನಿಯಲ್ಲಿ, "ಅಂವ ಹಂಗ ಅದಾನ, ಬಿಡು ಗೌರಿ," ಅಂದರು.

ಈಗ ಕಂಪ್ಯೂಟರ್ ಆರುವುದಿಲ್ಲ. ನೋಟ್‌ಬುಕ್ಕಿನ ಉಳಿದ ಹಾಳೆಗಳು ಖಾಲಿ ಇವೆ. ಭಾವ ಭಾನುವಾರ ಈಗಲೂ ಬರುತ್ತಾರೆ. ಕೆಲವು ವಾರ ರೆಕಾರ್ಡಿಂಗ್ ಹಚ್ಚುವುದು ಮರೆತೇಹೋಗುತ್ತದೆ, ಏಕೆಂದರೆ ಮಾತಾಡುವವನು ನಾನಾಗಿರುತ್ತೇನೆ. ಎಮ್ಮೆ ಬಿಸಿಲುಗಳಾಚೆಗೆ ನನಗೂ ವಿಷಯ ತೋಚುವುದಿಲ್ಲ. ಅವರು ಬೇಸರಿಸದೆ ಕೇಳುತ್ತಾರೆ.

ಬಳ್ಳಾರಿಯ ಆ ಅಂಗಡಿಯಲ್ಲಿ ಅಂದು ಅಕ್ಕನ ಮಾತನ್ನು ಕೊನೆತನಕ ಕೇಳಿದವರು ಮೂರು ಮಂದಿ: ಶಾಹೀನ್, ಭಾವ ವೀರಭದ್ರಪ್ಪನವರು, ನಾನು. ಮೂವರೂ ಇದ್ದೇವೆ, ಬೇಕಾದವರು ಕೇಳಿ ನೋಡಬಹುದು.