ಯಶೋದೆ ಏನಾಗಬೇಕೆಂದಿದ್ದಳು

ಮೊಮ್ಮಗಳ ಬ್ಯಾಗಿಗೆ ಶಿಶುವಿಹಾರದವರು ಪಿನ್ನು ಚುಚ್ಚಿ ಕಳಿಸಿದ್ದ ಚೀಟಿಯನ್ನು ಮೂರು ಸಲ ಓದಿದೆ. ‘ಮಗು ಕಂಡಕ್ಟರ್ ಆಗುತ್ತೇನೆ ಎನ್ನುತ್ತಿದೆ. ದಯವಿಟ್ಟು ಮನೆಯಲ್ಲಿ ಡಾಕ್ಟರ್ ಎಂದು ಅಭ್ಯಾಸ ಮಾಡಿಸಿ.’ ಮೈ ಉರಿಯಿತು. ಮರುಕ್ಷಣವೇ, ಓದುಗರೇ, ಈ ವಯಸ್ಸಿಗೆ ಶೋಭಿಸದಷ್ಟು ನಗು ಬಂತು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಶ್ರೀನಿವಾಸಪುರದ ಬಾಲವಾಡಿಯೊಂದರ ಟೀಚರು. ಒಂದು ದಿನ ಮೇಲ್ವಿಚಾರಕಿಯೊಬ್ಬರು ಬಂದು, ಮುಂದೆ ಏನಾಗುತ್ತೀರೆಂದರೆ ಮಕ್ಕಳು ಡಾಕ್ಟರು, ಇಂಜಿನಿಯರು ಎಂದೇ ಹೇಳತಕ್ಕದ್ದು ಎಂದರು. ‘ಅವರವರ ಆಸೆ ಅವರೇ ಹೇಳಲಿ’ ಎಂದೆ.

‘ಬಾಲವಾಡಿ ಟೀಚರಿಗೆ ಇಷ್ಟೊಂದು ಮಾತು ಯಾಕಮ್ಮ?’

ಅದು ಗುರುವಾರ, ಉಪ್ಪಿಟ್ಟು ಇಳಿಸುವ ಹೊತ್ತು. ಆ ಉಪ್ಪಿಟ್ಟನ್ನು ಆಕೆ ಎರಡು ಸಲ ಹಾಕಿಸಿಕೊಂಡದ್ದನ್ನೂ ನಾನು ಮರೆತಿಲ್ಲ.

ಆಗ ಐದು ವರ್ಷದ ಯಶೋದೆ ಅಪ್ಪನ ಟವಲು ಹಿಡಿದು ಎದ್ದು ಬಂದಳು. ನಮ್ಮೂರ ಮಾವಿನ ಮಂಡಿಯಲ್ಲಿ ದರವನ್ನು ಬಾಯಲ್ಲಿ ಆಡುವುದಿಲ್ಲ. ಟವಲಿನಡಿ ಕೈ ಸೇರಿಸಿ, ಬೆರಳು ಹಿಡಿದು ಕುದುರಿಸುತ್ತಾರೆ.

‘ನಾನು ಮಂಡಿ ದಲ್ಲಾಳಿ ಆಗ್ತೀನಿ. ಕೈ ಕೊಡಕ್ಕ, ನಿನ್ ಕೊಡೆ ಏನ್ ರೇಟು?’

ಮೇಲ್ವಿಚಾರಕಿ ನಗುತ್ತಲೇ ಬೆರಳು ಕೊಟ್ಟರು.

‘ಎಕ್ಕುವ ಅಕ್ಕಾ, ಜಾಸ್ತಿ ಆಯ್ತು! ಹಿಡಿ ಬೇರೆ ಮುರಿದೈತೆ.’

‘ಎಲ್ಲೇ ಮುರಿದಿದೆ? ಹೋದ ತಿಂಗಳು ತಂದಿದ್ದು ಕಣೇ!’ ಎಂದು ಆಕೆ ರೋಷದಿಂದಲೇ ಒಂದು ಬೆರಳು ಮಡಿಸಿದರು.

‘ಎಕ್ಕುವ! ಎಕ್ಕುವ!’ ಎಂದು ಮಂಡಿಯ ತೆಲುಗಿನಲ್ಲೇ ಕೂಗುತ್ತ ಇಡೀ ಬಾಲವಾಡಿ ಕುಣಿಯಿತು. ಕೊಡೆ ಯಶೋದೆಯ ಪಾಲಾಯಿತು.

ಗಾಂಭೀರ್ಯ ಮರಳಿದ ಮೇಲೆ ಮೇಲ್ವಿಚಾರಕಿ ಕೊಡೆಯನ್ನು ಕಿತ್ತುಕೊಂಡರು. ‘ಮುಂದಿನ ವಾರ ಈ ಹುಡುಗಿ ಡಾಕ್ಟರ್ ಅನ್ನದಿದ್ದರೆ ನಿಮ್ಮ ಮೇಲೆ ರಿಪೋರ್ಟ್ ಬರೀತೀನಿ’ ಎಂದರು. ಬೆಟ್ಟದಷ್ಟು ಕೋಪವಿದ್ದ ನಾನು ಏನು ಮಾಡಿದೆ ಗೊತ್ತೇ? ಆರು ದಿನ ಆ ಮಗುವಿಗೆ ಗಿಳಿಪಾಠ ಮಾಡಿಸಿದೆ.

ಮತ್ತೆ ಗುರುವಾರ. ‘ಏನಾಗ್ತೀಯಮ್ಮ?’

‘ಡಾಕ್ಟ್ರು’ ಎಂದಳು ಯಶೋದೆ. ನಾನು ಉಸಿರು ಬಿಟ್ಟೆ. ಅವಳು ಒಂದಿಷ್ಟು ಯೋಚಿಸಿ ಸೇರಿಸಿದಳು: ‘ಮಂಡಿಗೆ ರಜಾ ಇದ್ದಾಗ.’

ಮೇಲ್ವಿಚಾರಕಿಯ ಆ ಚುಚ್ಚುಮಾತನ್ನು ನಲವತ್ತು ವರ್ಷಗಳಿಂದ ವಾರ, ಹೊತ್ತು ಸಮೇತ ಹೇಳುತ್ತ ಬಂದಿದ್ದೇನೆ. ನನ್ನ ಆ ಆರು ದಿನಗಳನ್ನು ಯಾರಿಗೂ ಹೇಳಿರಲಿಲ್ಲ.

ಮೊಮ್ಮಗಳನ್ನು ಕರೆದು, ‘ಅಭ್ಯಾಸ ಮಾಡಿಸಬೇಕಂತೆ ಕಣೇ’ ಎಂದೆ. ಅವಳ ಮುಖ ಬಾಡಿತು. ನಾನು ಊಟದ ಮನೆಯ ಕುರ್ಚಿಗಳನ್ನೆಲ್ಲ ತಂದು ಸಾಲಾಗಿ ಜೋಡಿಸಿದೆ. ಅವಳಿಗೆ ತಿಳಿಯಿತು.

‘ಯಾರ್ರೀ ಕೋಲಾರ, ಮುಳಬಾಗಿಲು, ನಂಗಲಿ! ಅಜ್ಜೀ, ಬಾಗಿಲಲ್ಲಿ ನಿಂತ್ಕೋಬೇಡಿ, ಒಳಗೆ ನಡೀರಿ!’

ಎಷ್ಟು ಜೋರಾಗಿ ಗದರಿದಳು! ನಡೆದೆ.