ಹರಕೆಯಿಲ್ಲದ ಸೈಕಲ್ಲು

ಕೊಯಮತ್ತೂರಿನ ದೇವಾಂಗಪೇಟೆಯ ಚೆನ್ನಕೇಶವನ್‌ಗೆ ಎಂಟು ವರ್ಷಗಳಿಂದ ಒಂದೇ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿ ಹೋಗಿತ್ತು. ಭಾನುವಾರ ಬೆಳಗ್ಗೆ ಅವನು ಸೈಕಲ್ ಹೊರಗೆ ತೆಗೆದರೆ ಸಾಕು, ಎದುರು ಮನೆಯ ನಾಚಿಯಮ್ಮ ಬಾಗಿಲಿಗೆ ರಂಗೋಲಿ ಹಾಕುವುದನ್ನು ನಿಲ್ಲಿಸಿ ಎಲ್ಲಿಗೆ ಎಂದು ಕೇಳುತ್ತಿದ್ದರು. ಕೋತಗಿರಿಗೆ ಎಂದರೆ, ಯಾಕೆ ಎನ್ನುತ್ತಿದ್ದರು. ಸುಮ್ಮನೆ ಎಂದರೆ ನಂಬುತ್ತಿರಲಿಲ್ಲ. ಅಲ್ಲಿ ಯಾರಿದ್ದಾರೆ, ಬಸ್ಸು ನಿಂತುಹೋಯಿತೇ, ಮುರುಗನಿಗೆ ಹರಕೆ ಏನಾದರೂ ಇದೆಯೇ ಎಂದು ಒಂದರ ಹಿಂದೆ ಒಂದು ಕೇಳುತ್ತಿದ್ದರು. ಕಡೆಯ ಪ್ರಶ್ನೆಗೆ ಹೌದು ಎಂದುಬಿಟ್ಟಿದ್ದರೆ ಊರೆಲ್ಲ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಹರಕೆ ಹೊತ್ತವನನ್ನು ಯಾರೂ ಹುಚ್ಚನೆನ್ನುವುದಿಲ್ಲ. ಆದರೆ ಚೆನ್ನಕೇಶವನ್ ಆ ಸುಳ್ಳನ್ನು ಒಂದು ಸಲವೂ ಹೇಳಿರಲಿಲ್ಲ.

ಅವನ ಕಸುಬು ಜಕಾರ್ಡ್ ಮಗ್ಗದ ರಟ್ಟುಗಳಿಗೆ ತೂತು ಹೊಡೆಯುವುದು. ಸೀರೆಯ ಸೆರಗಿನಲ್ಲಿ ಒಂದು ನವಿಲು ಮೂಡಬೇಕಾದರೆ ನೂರಾರು ರಟ್ಟುಗಳಲ್ಲಿ ಸಾವಿರಾರು ತೂತು ಬೀಳಬೇಕು. ಒಂದು ತಪ್ಪಿದರೂ ನವಿಲಿನ ಕೊಕ್ಕು ಮುರಿಯುತ್ತದೆ. ಬೆಳಗಿನಿಂದ ಸಂಜೆವರೆಗೆ ಬೆನ್ನು ಬಗ್ಗಿಸಿ ಕೂತು, ಮೂವತ್ತೆರಡಕ್ಕೇ ಸೊಂಟ ಹಿಡಿದುಕೊಂಡಿತ್ತು. ಸ್ವಲ್ಪ ಕೈಕಾಲು ಆಡಿಸೋಣವೆಂದು ಪೇರೂರಿನ ತನಕ ಸೈಕಲ್ ತುಳಿದ. ಆಮೇಲೆ ಮರುದಮಲೆಯ ತಪ್ಪಲಿಗೆ, ಆಮೇಲೆ ಮೇಟ್ಟುಪಾಳಯಂ ದಾಟಿ ಬೆಟ್ಟದ ಮೇಲಿನ ಕೋತಗಿರಿಗೆ. ಮೊದಲ ಸಲ ಕೋತಗಿರಿಯ ಮುಕ್ಕಾಲು ದಾರಿ ಸೈಕಲ್ಲನ್ನು ತಳ್ಳಿಕೊಂಡೇ ಹೋಗಿದ್ದ. ನಾಲ್ಕನೆಯ ಸಲ ಒಮ್ಮೆಯೂ ಇಳಿಯಲಿಲ್ಲ. ಮೇಲೆ ನಿಂತು ಕೆಳಗಿನ ಬಯಲನ್ನು ನೋಡಿದಾಗ ಯಾಕೆ ಬಂದೆನೆಂದು ಅವನಿಗೆ ಹೊಳೆಯಲಿಲ್ಲ, ಹೊಳೆಯಬೇಕೆಂದೂ ಅನ್ನಿಸಲಿಲ್ಲ.

೧೯೮೬ರ ಕಾರ್ತಿಕದಲ್ಲಿ ಹೆಂಡತಿ ರುಕ್ಮಣಿಯ ಅಣ್ಣ ಸೆಲ್ಲಪ್ಪನ್ ಧಾರಾಪುರದಿಂದ ಬಂದಿಳಿದ. ಅಲ್ಲಿ ಅವನದು ಟವೆಲು, ಜಮಖಾನೆಗಳ ಅಂಗಡಿ. ಗದ್ದಿಗೆಯ ಮೇಲೆ ಕೂತೇ ತೊಂಬತ್ತೈದು ಕಿಲೋ ಆಗಿದ್ದ ಮನುಷ್ಯ. ಊಟಕ್ಕೆ ಕೂತವನು ಅನ್ನವನ್ನು ಅರ್ಧ ತೆಗೆಸಿದಾಗಲೇ ರುಕ್ಮಣಿಗೆ ಅನುಮಾನ ಬಂತು.

"ಮಾಪ್ಳೆ, ಡಾಕ್ಟರು ಸಕ್ಕರೆ ಐತೆ ಅಂದ್ರು," ಎಂದ ಸೆಲ್ಲಪ್ಪನ್, ತಂಗಿಯ ಗಂಡನಿಗೆ. "ನಡೀರಿ, ಇಲ್ಲಾಂದ್ರೆ ಸೈಕಲ್ ತುಳೀರಿ ಅಂದ್ರು. ನಡಿಯೋದು ನನ್ನ ಕೈಲಾಗಲ್ಲ. ನೀವು ಹೇಳಿ, ಹೇಳಿದಂಗೆ ಕೇಳ್ತೀನಿ."

ಎಂಟು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬ ಮನುಷ್ಯ ಯಾಕೆ ಎಂದು ಕೇಳದೆ ಹೇಗೆ ಎಂದು ಕೇಳಿದ್ದ. ಚೆನ್ನಕೇಶವನ್ ಕೈ ತೊಳೆಯುವುದನ್ನೂ ಮರೆತು ಹೇಳತೊಡಗಿದ. ಪೆಡಲು ಕೆಳಗಿದ್ದಾಗ ಕಾಲು ಹೆಚ್ಚುಕಡಿಮೆ ನೆಟ್ಟಗಾಗುವಷ್ಟು ಸೀಟು ಎತ್ತರಿಸಬೇಕು, ಇಲ್ಲದಿದ್ದರೆ ಮಂಡಿ ಹೋಗುತ್ತದೆ. ಬೆಟ್ಟದ ಬುಡದಲ್ಲಿ ನಿಧಾನ ಎನ್ನಿಸಬೇಕು, ಅವಸರ ಮಾಡಿದವನು ಐದನೆಯ ತಿರುವಿನಲ್ಲಿ ಕೂತುಬಿಡುತ್ತಾನೆ. ಬಾಯಾರುವ ಮೊದಲೇ ನೀರು ಕುಡಿಯಬೇಕು, ಹಸಿಯುವ ಮೊದಲೇ ಒಂದು ಬಾಳೆಹಣ್ಣು ತಿನ್ನಬೇಕು. ಇಳಿಯುವಾಗ ಬ್ರೇಕನ್ನು ಹಿಡಿದೇ ಇರಬಾರದು. ಹಿಡಿದು, ಬಿಟ್ಟು, ಹಿಡಿದು ಇಳಿಯಬೇಕು. ಎಲ್ಲಕ್ಕಿಂತ ಮುಖ್ಯ, ಹೊರಡುವ ಮೊದಲು ಬ್ರೇಕಿನ ರಬ್ಬರು ಹೊಸದು ಹಾಕಿಸಿ, ಇನ್ನೊಂದು ಜೊತೆ ಜೇಬಿನಲ್ಲಿಟ್ಟುಕೊಳ್ಳಬೇಕು. ಸೆಲ್ಲಪ್ಪನ್ ಪ್ರತಿಯೊಂದಕ್ಕೂ ತಲೆ ಆಡಿಸಿದ. ತಿಂಗಳು ಬಿಟ್ಟು ವಾಲ್ಪಾರೈಗೆ ಹೋಗೋಣ ಎಂದು ತಾನೇ ದಿನವನ್ನೂ ಗೊತ್ತುಮಾಡಿದ. ಮೊದಲ ಸಲಕ್ಕೇ ನಲವತ್ತು ತಿರುವಿನ ಬೆಟ್ಟ ಬೇಡ ಎಂದು ಚೆನ್ನಕೇಶವನ್ ಎಷ್ಟು ಹೇಳಿದರೂ, ಅದಕ್ಕೂ ತಲೆ ಆಡಿಸಿ, ವಾಲ್ಪಾರೈಗೇ ಎಂದ.

ಗೊತ್ತಾದ ಶನಿವಾರ ಪೊಳ್ಳಾಚಿ ಬಸ್ ನಿಲ್ದಾಣದಲ್ಲಿ ಸೆಲ್ಲಪ್ಪನ್ ಬಸ್ಸಿನ ಮೇಲಿನಿಂದ ಇಳಿಸಿದ ಸೈಕಲ್ಲನ್ನು ಚೆನ್ನಕೇಶವನ್ ಒಂದು ಸುತ್ತು ಹಾಕಿ ನೋಡಿದ. ಸೀಟು ಅಂಗಡಿಯಿಂದ ಬಂದಷ್ಟೇ ತಗ್ಗಿನಲ್ಲಿತ್ತು. ಹ್ಯಾಂಡಲ್ಲಿಗೆ ಎರಡು ಕನ್ನಡಿ, ಬಣ್ಣದ ಕುಚ್ಚು. ಕ್ಯಾರಿಯರ್ ಮೇಲೆ ಹಗ್ಗದಲ್ಲಿ ಬಿಗಿದ ನಾಲ್ಕು ಡಬ್ಬಿಯ ಊಟದ ಕ್ಯಾರಿಯರ್. ಬ್ರೇಕಿನ ರಬ್ಬರು ಹೊಸದು ಹಾಕಿಸಿದಿರಾ ಎಂದು ಕೇಳಿದ್ದಕ್ಕೆ ಸೆಲ್ಲಪ್ಪನ್, ಸೈಕಲ್ಲೇ ಹೊಸದಾಗಿ ಕಾಣುವಾಗ ರಬ್ಬರು ಯಾಕೆ ಎಂದ. ಸೈಕಲ್ ಅವನ ಅಂಗಡಿಯ ಆಳಿನದು, ಆರು ವರ್ಷ ಹಳೆಯದು. ಬಣ್ಣ ಮಾತ್ರ ಹೊಸದು. ಪೊಳ್ಳಾಚಿಯಲ್ಲೇ ಹಾಕಿಸೋಣ ಎಂದರೆ ಅಂಗಡಿ ಊಟದ ಹೊತ್ತಿಗೆ ಮುಚ್ಚಿತ್ತು. ತೆಗೆಯುವ ತನಕ ಕಾಯಲು ಸೆಲ್ಲಪ್ಪನ್ ಒಪ್ಪಲಿಲ್ಲ, ಚೆನ್ನಕೇಶವನ್ ತನ್ನ ಜೇಬಿನಲ್ಲಿದ್ದ ಜೊತೆಯನ್ನು ಹಾಕಲು ಹೋದರೂ ಬಿಡಲಿಲ್ಲ.

ಆಳಿಯಾರ್ ಅಣೆಕಟ್ಟಿನ ಹತ್ತಿರ ಒಂದು ಛತ್ರದಲ್ಲಿ ಮಲಗಿ, ಮರುದಿನ ಬೆಳಗ್ಗೆ ಆರಕ್ಕೆ ಬೆಟ್ಟ ಹತ್ತಲು ಶುರುಮಾಡಿದರು. ಮೊದಲ ಎರಡು ತಿರುವನ್ನು ಸೆಲ್ಲಪ್ಪನ್ ನಾಯಿ ಅಟ್ಟಿದವನ ಹಾಗೆ ಹತ್ತಿದ. ನಿಧಾನ ಬಾವ, ನಿಧಾನ ಎಂದು ಚೆನ್ನಕೇಶವನ್ ಹಿಂದಿನಿಂದ ಕೂಗುತ್ತಲೇ ಇದ್ದ. ಮೂರನೆಯದರಲ್ಲಿ ಸೆಲ್ಲಪ್ಪನ್ ಇಳಿದು ರಸ್ತೆಬದಿಯ ಕಲ್ಲಿನ ಮೇಲೆ ಕೂತ. ಒಂಬತ್ತನೆಯದರಲ್ಲಿ, ಕೆಳಗೆ ಅಣೆಕಟ್ಟಿನ ನೀರು ಕಾಣುವ ಕಡೆ, ಡಬ್ಬಿ ಬಿಚ್ಚಿ ಮೂರು ಡಬ್ಬಿ ಖಾಲಿ ಮಾಡಿದ. ನಾಲ್ಕನೆಯದನ್ನು ಕೋತಿ ಖಾಲಿ ಮಾಡಿತು. ಅಲ್ಲಿಂದ ಮುಂದೆ ಬಹುಪಾಲು ನಡಿಗೆಯೇ. ಚೆನ್ನಕೇಶವನ್ ಒಬ್ಬನೇ ಹೋಗಿದ್ದರೆ ಹನ್ನೊಂದಕ್ಕೆ ಮೇಲಿರುತ್ತಿದ್ದ. ಇಬ್ಬರೂ ವಾಲ್ಪಾರೈ ಪೇಟೆಯಲ್ಲಿ ಟೀ ಕುಡಿದಾಗ ಎರಡೂವರೆ. ಆದರೂ ಮಂಜಿನಲ್ಲಿ ಒದ್ದೆಯಾದ ಮುಖ ಒರೆಸಿಕೊಳ್ಳುತ್ತ ಸೆಲ್ಲಪ್ಪನ್, ತಾನು ಇಷ್ಟು ದೂರ ಬಂದದ್ದನ್ನು ಅಂಗಡಿಯವನಿಗೆ ಎರಡು ಸಲ ಹೇಳಿದಾಗ, ಚೆನ್ನಕೇಶವನ್‌ಗೆ ಕೋಪದ ನಡುವೆಯೂ ಸ್ವಲ್ಪ ಸಂತೋಷವಾಯಿತು.

ಆ ಸಂತೋಷ ಒಂದು ಗಂಟೆಯೂ ಉಳಿಯಲಿಲ್ಲ. ಇಳಿಜಾರು ಶುರುವಾದ ಮೇಲೆ ಸೆಲ್ಲಪ್ಪನ್ ಬ್ರೇಕನ್ನು ಬಿಗಿಹಿಡಿದವನು ಬಿಡಲೇ ಇಲ್ಲ. ರಬ್ಬರು ಸುಟ್ಟ ವಾಸನೆ ಹಿಂದೆ ಬರುತ್ತಿದ್ದ ಚೆನ್ನಕೇಶವನ್‌ಗೆ ಮುಟ್ಟಿತು. ನಿಲ್ಲಿ ಎಂದು ಕೂಗಿದ. ನಿಲ್ಲುವುದು ಹೇಗೆಂದು ಆಗ ಸೆಲ್ಲಪ್ಪನ್‌ಗೂ ಗೊತ್ತಿರಲಿಲ್ಲ. ಸವೆದ ರಬ್ಬರು ಕಿತ್ತು ಹಾರಿತ್ತು. ಸೈಕಲ್ ವೇಗ ಹಿಡಿಯಿತು. ಮುಂದಿನ ತಿರುವಿನಲ್ಲಿ ತಿರುಗದೆ ನೇರ ಹೋಗಿ, ಚಿಕ್ಕ ದಿಣ್ಣೆ ಹಾರಿ, ಟೀ ತೋಟದೊಳಗೆ ಕಾಣೆಯಾಯಿತು.

ಚೆನ್ನಕೇಶವನ್ ತನ್ನ ಬ್ರೇಕು ಹಿಡಿದ. ಸೈಕಲ್ ಎಸೆದು ಓಡಿದ. ರುಕ್ಮಣಿಗೆ ಏನು ಹೇಳುವುದು ಎಂಬುದೊಂದೇ ತಲೆಯಲ್ಲಿತ್ತು. ಒತ್ತಾಗಿ ಬೆಳೆದ ಟೀ ಗಿಡಗಳು ಸೆಲ್ಲಪ್ಪನ್‌ನನ್ನು ಹಾಸಿಗೆಯಂತೆ ಹಿಡಿದುಕೊಂಡಿದ್ದವು. ಕೈಮೇಲೆ, ಕೆನ್ನೆಯ ಮೇಲೆ ಗೀರುಗಾಯ, ಅಷ್ಟೇ. ಅವನು ಆಕಾಶ ನೋಡುತ್ತ ಮಲಗಿದ್ದಲ್ಲಿಂದಲೇ ಕೇಳಿದ:

"ಮಾಪ್ಳೆ, ಡಬ್ಬಿ ನೆಗ್ಗಿಲ್ಲ ತಾನೆ? ಅದು ನನ್ನ ಹೆಂಡ್ತಿ ತವರಿಂದ ಬಂದದ್ದು."

ಬದುಕಿದ್ದಾನೆಂದು ತಿಳಿದ ಮೇಲೆಯೇ ಚೆನ್ನಕೇಶವನ್‌ಗೆ ಸಿಟ್ಟು ಬಂದದ್ದು. ಬಂದದ್ದು ಹೋಗಲು ಬಹಳ ಹೊತ್ತು ಹಿಡಿಯಿತು. ತನ್ನ ಜೇಬಿನ ಹೆಚ್ಚುವರಿ ರಬ್ಬರನ್ನು ಅವನ ಹಿಂದಿನ ಚಕ್ರಕ್ಕೆ ಹಾಕಿದ. ಮುಂದಿನ ಬ್ರೇಕಿನ ಕಂಬಿ ಬಗ್ಗಿ ಹೋಗಿತ್ತು, ಸರಿಮಾಡಲಾಗಲಿಲ್ಲ. ಒಂದೇ ಬ್ರೇಕಿನ ಮೇಲೆ ಆ ಭಾರ ನಿಲ್ಲುವುದಿಲ್ಲ. ಆಗ ಅವನು ರಸ್ತೆಬದಿಯಲ್ಲಿ ಬಿದ್ದಿದ್ದ ಒಣಗಿದ ದೊಡ್ಡ ಕೊಂಬೆಯೊಂದನ್ನು ಎಳೆದು ತಂದು, ಡಬ್ಬಿ ಬಿಗಿದಿದ್ದ ಹಗ್ಗದಿಂದ ಸೆಲ್ಲಪ್ಪನ್‌ನ ಸೈಕಲ್ಲಿನ ಹಿಂದೆ ಕಟ್ಟಿದ. ಕೊಂಬೆ ನೆಲಕ್ಕೆ ಉಜ್ಜಿಕೊಂಡು ಬಂದಷ್ಟೂ ಸೈಕಲ್ ಓಡುವುದಿಲ್ಲ. ಈ ಉಪಾಯವನ್ನು ಕೋತಗಿರಿ ದಾರಿಯಲ್ಲಿ ಹಾಲಿನ ಕ್ಯಾನ್ ಇಳಿಸುವವನೊಬ್ಬ ಅವನಿಗೆ ಹೇಳಿಕೊಟ್ಟಿದ್ದ. ಡಬ್ಬಿಯನ್ನು ಚೆನ್ನಕೇಶವನ್ ತನ್ನ ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡ. ಅದು ಪ್ರತಿ ತಿರುವಿನಲ್ಲೂ ಅವನ ಮಂಡಿಗೆ ಬಡಿಯಿತು.

ಹೀಗೆ ರಸ್ತೆ ಗುಡಿಸುತ್ತ ಕೆಳಗಿನ ಅರಣ್ಯ ಚೆಕ್‌ಪೋಸ್ಟಿಗೆ ಬಂದಾಗ ಕಾವಲುಗಾರ ಅಡ್ಡ ಕೈ ಹಿಡಿದ. ಮಯಿಲ್‌ಸಾಮಿ ಎಂದು ಅವನ ಹೆಸರು, ನರೆತ ಮೀಸೆಯ ಗಂಭೀರ ಮನುಷ್ಯ. ಕಾಡಿನ ಸೌದೆ ಕೆಳಗೆ ಸಾಗಿಸುವುದು ಅಪರಾಧ ಎಂದು ತಮಿಳಿನಲ್ಲಿ ಹೇಳಿ, ಹೆಸರು, ಊರು ಬರೆದುಕೊಳ್ಳಲು ಪೆನ್ಸಿಲ್ ತೆಗೆದ. ಸೌದೆಯಲ್ಲ, ಬ್ರೇಕು ಎಂದು ಚೆನ್ನಕೇಶವನ್ ವಿವರಿಸಿದ. ಬ್ರೇಕಿಲ್ಲದ ಸೈಕಲ್ಲಿನಲ್ಲಿ ಬೆಟ್ಟಕ್ಕೆ ಯಾಕೆ ಹೋದಿರಿ ಎಂದು ಮಯಿಲ್‌ಸಾಮಿ ಕೇಳಿದ. ಸುಮ್ಮನೆ ಎಂದ ಚೆನ್ನಕೇಶವನ್. ಮಯಿಲ್‌ಸಾಮಿ ಪೆನ್ಸಿಲ್‌ನ ತುದಿಯನ್ನು ನಾಲಿಗೆಗೆ ತಾಗಿಸಿಕೊಂಡು, ಬರೆಯಲು ಬಗ್ಗಿದ.

ಅಷ್ಟರಲ್ಲಿ ಸೆಲ್ಲಪ್ಪನ್ ಮುಂದೆ ಬಂದು, ಇದು ಪಳನಿ ಮುರುಗನ ಹರಕೆ, ಏಳು ಬೆಟ್ಟ ಸೈಕಲ್ಲಿನಲ್ಲಿ ಹತ್ತಿ ಕಡೆಗೆ ಪಳನಿಗೆ ಹೋಗಬೇಕು, ಇದು ಆರನೆಯದು ಎಂದುಬಿಟ್ಟ.

ಪೆನ್ಸಿಲ್ ನಿಂತಿತು. ಮಯಿಲ್‌ಸಾಮಿ ಚಪ್ಪಲಿ ಬಿಟ್ಟು ಕೈ ಮುಗಿದ. ಇಬ್ಬರಿಗೂ ಬೆಂಚು ತೋರಿಸಿ, ಟೀ ತರಿಸಿ, ತನ್ನ ಮಗಳು ಕಲಾಳ ಮದುವೆ ಎರಡು ವರ್ಷದಿಂದ ಕೂಡಿಬರುತ್ತಿಲ್ಲ, ಪಳನಿಯಲ್ಲಿ ಅವಳ ಹೆಸರಿಗೂ ಒಂದು ಅರ್ಚನೆ ಮಾಡಿಸಬೇಕು ಎಂದು ಬೇಡಿಕೊಂಡ. ಹಾಗೇ ಆಗಲಿ ಎಂದು ಸೆಲ್ಲಪ್ಪನ್ ಮಾತು ಕೊಟ್ಟ. ಚೆನ್ನಕೇಶವನ್ ಬಿಸಿ ಟೀಯಲ್ಲಿ ನಾಲಿಗೆ ಸುಟ್ಟುಕೊಂಡ.

ಪೊಳ್ಳಾಚಿಯಲ್ಲಿ ಬಸ್ಸು ಹತ್ತುವ ಮೊದಲು ಅವನು ಬಾಯಿಬಿಟ್ಟ.

"ಬಾವ, ನೀವು ಹೇಳಿದ ಸುಳ್ಳಿಗೆ ಈಗ ಪಳನಿಗೆ ಓಗೋದು ಯಾರು?"

"ಯಾರೂ ಬೇಡ. ಆ ಮನುಷ್ಯ ಬಂದು ನೋಡ್ತಾನಾ?"

"ಅವನು ಚಪ್ಪಲಿ ಬಿಟ್ಟು ಕೈ ಮುಗಿದ," ಎಂದ ಚೆನ್ನಕೇಶವನ್. "ನಾ ಓಗಬೇಕು."

ಹದಿನೈದು ದಿನ ಕಳೆದು, ಒಂದು ಶನಿವಾರ ಬೆಳಗ್ಗೆ ನಾಲ್ಕಕ್ಕೆ ಎದ್ದು ಉಡುಮಲೆ ಊರಿನ ಮೂಲಕ ಪಳನಿಗೆ ನೂರು ಕಿಲೋಮೀಟರಿಗೂ ಹೆಚ್ಚು ತುಳಿದ. ಹೊರಡುವಾಗ ನಾಚಿಯಮ್ಮನಿಗೆ ಪಳನಿಗೆ ಎಂದು ಹೇಳಬೇಕಾಯಿತು. ಕಡೆಗೂ ಹರಕೆ ಎಂದು ಒಪ್ಪಿಕೊಂಡೆಯಲ್ಲಪ್ಪ ಎಂದು ಅವರು ಸಮಾಧಾನದಿಂದ ನಕ್ಕರು. ಅವನು ಹಲ್ಲು ಕಚ್ಚಿಕೊಂಡು ಪೆಡಲು ಒತ್ತಿದ. ಸೆಲ್ಲಪ್ಪನ್ ತಾನೂ ಸೈಕಲ್ಲಿನಲ್ಲೇ ಬರುತ್ತೇನೆಂದು ಹೇಳಿದ್ದವನು ಧಾರಾಪುರದಿಂದ ಬಸ್ಸಿನಲ್ಲಿ ಬಂದು, ತಣ್ಣಗೆ ಸ್ನಾನ ಮಾಡಿ, ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದ. ಮೇಲೆ ಅರ್ಚಕರು ಹೆಸರು ಕೇಳಿದರು, ಇಬ್ಬರೂ ಕಲಾ ಎಂದರು. ಅರ್ಚಕರು ನಕ್ಷತ್ರ ಕೇಳಿದರು. ಅದನ್ನು ಕೇಳಿಕೊಂಡು ಬಂದಿರಲಿಲ್ಲ. ಗೊತ್ತಿಲ್ಲ ಎಂದು ಚೆನ್ನಕೇಶವನ್ ಬಾಯಿ ತೆರೆಯುವಷ್ಟರಲ್ಲಿ ಸೆಲ್ಲಪ್ಪನ್ ಸ್ವಾತಿ ಎಂದ. ಯಾಕೆ ಸ್ವಾತಿ ಎಂದರೆ, ಬಾಯಿಗೆ ಬಂತು ಎಂದ. ಕಣ್ಣು ಮುಚ್ಚಿ ನಿಂತ ಚೆನ್ನಕೇಶವನ್ ಮಾತ್ರ, ನಕ್ಷತ್ರ ಯಾವುದಾದರೂ ಆಗಲಿ, ಆ ಹುಡುಗಿಗೆ ಒಳ್ಳೆಯದಾಗಲಿ ಎಂದು ನಿಜವಾಗಿಯೇ ಬೇಡಿಕೊಂಡ.

ಮರುವರ್ಷ ಮಾರ್ಗಶಿರದಲ್ಲಿ ಇಬ್ಬರೂ ಮತ್ತೆ ಆಳಿಯಾರಿಗೆ ಹೋದರು. ಸೆಲ್ಲಪ್ಪನ್ ಹನ್ನೊಂದು ಕಿಲೋ ಇಳಿದಿದ್ದ, ಡಾಕ್ಟರೂ ಮೆಚ್ಚಿದ್ದರು. ಅದು ಅನ್ನ ಬಿಟ್ಟಿದ್ದರಿಂದಲೋ ಪೆಡಲು ತುಳಿದದ್ದರಿಂದಲೋ ಅವನೇ ಬಲ್ಲ. ಈ ಸಲ ಬ್ರೇಕಿನ ರಬ್ಬರನ್ನು ಚೆನ್ನಕೇಶವನ್ ಹಿಂದಿನ ದಿನ ತನ್ನ ಕೈಯಾರೆ ಹಾಕಿದ್ದ. ಚೆಕ್‌ಪೋಸ್ಟಿನಲ್ಲಿ ಮಯಿಲ್‌ಸಾಮಿ ಅವರನ್ನು ದೂರದಿಂದಲೇ ಗುರುತಿಸಿದ, ಆದರೆ ಮುಖದಲ್ಲಿ ನಗುವಿರಲಿಲ್ಲ. ನೋಡಲು ಬಂದ ಎರಡು ಗಂಡುಗಳನ್ನೂ ಕಲಾ ಬೇಡವೆಂದು, ಪೊಳ್ಳಾಚಿಯಲ್ಲಿ ಟೈಪಿಂಗ್ ಕಲಿತು, ತಿರುಪ್ಪೂರಿನ ಒಂದು ಬನಿಯನ್ ಕಂಪನಿಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದಳಂತೆ. ಬಸ್ಸು ಸಿಗುವುದಿಲ್ಲವೆಂದು ಅಲ್ಲಿ ಸೈಕಲ್ ಕೂಡ ತೆಗೆದುಕೊಂಡಿದ್ದಳಂತೆ. ನೀವು ಯಾವ ನಕ್ಷತ್ರ ಹೇಳಿದಿರಿ ಎಂದು ಮಯಿಲ್‌ಸಾಮಿ ನೇರವಾಗಿ ಕೇಳಿದ.

ಸೆಲ್ಲಪ್ಪನ್ ತಂಗಿಯ ಗಂಡನ ಕಡೆ ನೋಡಿದ. ಚೆನ್ನಕೇಶವನ್ ಇದ್ದದ್ದನ್ನು ಇದ್ದಂತೆ ಹೇಳಿದ: ಹರಕೆ ಇರಲಿಲ್ಲ, ನಕ್ಷತ್ರ ಗೊತ್ತಿರಲಿಲ್ಲ, ಆದರೆ ಪಳನಿಗೆ ಹೋದದ್ದು ನಿಜ, ಕೇಳಿಕೊಂಡದ್ದೂ ನಿಜ. ಮಯಿಲ್‌ಸಾಮಿ ಅವರ ಸೈಕಲ್ಲುಗಳನ್ನು ಒಮ್ಮೆ ಬಗ್ಗಿ ನೋಡಿದ. ಆಮೇಲೆ, ಅವಳ ಸೈಕಲ್ಲಿನ ಚೈನು ದಿನಾ ಕಳಚಿಕೊಳ್ಳುತ್ತದಂತೆ, ಏನು ಮಾಡಬೇಕು ಎಂದು ಕೇಳಿದ.

ಹಿಂದಿನ ಚಕ್ರದ ನಟ್ಟು ಸಡಿಲಿಸಿ, ಚಕ್ರವನ್ನು ಹಿಂದಕ್ಕೆಳೆದು, ಚೈನು ಅರ್ಧ ಬೆರಳಷ್ಟು ಮಾತ್ರ ಆಡುವ ಹಾಗೆ ಬಿಗಿಮಾಡಬೇಕು ಎಂದು ಚೆನ್ನಕೇಶವನ್ ತನ್ನ ಸೈಕಲ್ಲನ್ನೇ ತಲೆಕೆಳಗು ಮಾಡಿ ತೋರಿಸಿದ. ಪಕ್ಕದಲ್ಲಿ ನಿಂತ ಸೆಲ್ಲಪ್ಪನ್, ಅದೆಲ್ಲ ಯಾಕೆ, ಒಂದಿಷ್ಟು ಎಣ್ಣೆ ಬಿಟ್ಟರೆ ಸಾಕು ಎಂದ. ಮಯಿಲ್‌ಸಾಮಿ ಪೆನ್ಸಿಲ್ ತೆಗೆದು ಎಣ್ಣೆ ಎಂದು ಬರೆದುಕೊಂಡ.